ಕಾಲು ಮುಂದಾಗಿ ಹುಟ್ಟಿದ ಸುಂದರಮ್ಮನ ಬೆನ್ನು

ಭಾನುವಾರ ಮುಂಜಾನೆ ರಾವೂರದ ಕೆಳಗಿನ ಓಣಿಗೆ ಹೋದರೆ ಒಂದು ತಮಾಷೆ ನೋಡಲು ಸಿಗುತ್ತದೆ. ಒಂದು ಮನೆಯ ಅಂಗಳದಲ್ಲಿ, ಹಾಸಿದ ಫರ್ಸಿ ಕಲ್ಲಿನ ಮೇಲೆ, ಮೀಸೆ ಹೊತ್ತ ದೊಡ್ಡ ದೊಡ್ಡ ಗಂಡಸರು ಬೋರಲು ಬಿದ್ದಿರುತ್ತಾರೆ. ಐವತ್ತು ದಾಟಿದ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒಬ್ಬೊಬ್ಬರ ಟೊಂಕದ, ಅಂದರೆ ಸೊಂಟದ, ಮೇಲೂ ಎಡಗಾಲಿನ ಹಿಮ್ಮಡಿ ಇಟ್ಟು ಒತ್ತುತ್ತಾಳೆ. ಒತ್ತಿದ ಮೇಲೆ ಒಂದು ಬೈಗುಳ.

"ಏಳ್ರಿ ಇನ್ನ! ಇದೇನ್ ನಿಮ್ಮ ಅತ್ತಿ ಮನಿ ಗಾದಿ ಅಂತ ತಿಳಕೊಂಡೀರೇನು?"

ಅವಳೇ ಸುಂದರಮ್ಮ. ತೆಂಗಳಿಯಲ್ಲಿ ಹುಟ್ಟಿದವಳು, ರಾವೂರಕ್ಕೆ ಸೊಸೆಯಾಗಿ ಬಂದವಳು. ಎಲ್ಲ ಮಕ್ಕಳೂ ತಲೆ ಮುಂದಾಗಿ ಹುಟ್ಟಿದರೆ ಇವಳು ಕಾಲು ಮುಂದಾಗಿ ಹುಟ್ಟಿದಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದ ಟೊಂಕ ಬಿಡುತ್ತದೆ ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ನಂಬುವವರು ನಂಬಿ, ಬಿಡುವವರು ಬಿಡಿ, ಅದಕ್ಕಾಗಿ ಜಗಳ ಬೇಡ. ಮಂದಿ ಮಾತ್ರ ಬರುತ್ತಾರೆ. ಚಿತ್ತಾಪುರದಿಂದ ಬರುತ್ತಾರೆ, ಶಹಾಬಾದದಿಂದ ಬರುತ್ತಾರೆ. ಹಲ್ಲುಜ್ಜಿ ಬರಿಹೊಟ್ಟೆಯಲ್ಲಿ ಬರಬೇಕು, ಬೋರಲು ಮಲಗಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟೇ ನಿಯಮ. ಯಾರಾದರೂ ತೆಂಗಿನಕಾಯಿ, ಊದಿನಕಡ್ಡಿ ತಂದರೆ ಸುಂದರಮ್ಮ ಸಿಡಿಯುತ್ತಾಳೆ.

"ಇದೇನ್ ಗುಡಿ ಏನು? ವಾಪಸ್ ಒಯ್ಯಿರಿ. ಮನ್ಯಾಗ ಚಟ್ನಿ ಮಾಡ್ಕೊಂಡು ತಿನ್ರಿ."

ಸೊಸೆ ಲುಂಬಿನಿಗೆ ಇದು ಒಂದಿಷ್ಟೂ ಹಿಡಿಸುವುದಿಲ್ಲ. ಅವಳು ವಾಡಿಯ ಒಂದು ದವಾಖಾನೆಯಲ್ಲಿ ನರ್ಸು.

"ಅತ್ತೀ, ಬುದ್ಧ ವಿಹಾರದಾಗ ಕುಂತು ಏನ್ ಕೇಳ್ತೀರಿ, ಮನ್ಯಾಗ ಬಂದು ಏನ್ ಮಾಡ್ತೀರಿ? ಕಾಲಿಂದ ನೋವ್ ಹೋಗ್ತದೇನ್ರಿ?"

"ನೋವ್ ಹೋಗ್ತದೋ ಬಿಡ್ತದೋ ನಂಗೊತ್ತಿಲ್ಲವ್ವ" ಎಂದು ಸುಂದರಮ್ಮ ದನಿ ಇಳಿಸುತ್ತಿದ್ದಳು. "ನಮ್ಮತ್ತಿ ಮ್ಯಾಲಿನ ಓಣಿಗಿ ಹೋದ್ರ ಕಟ್ಟಿ ಕೆಳಗ ನಿಂತು ಮಾತಾಡ್ತಿದ್ಲು. ಈಗ ಆ ಕಟ್ಟಿ ಮ್ಯಾಲಿನ ಮಂದೀನೇ ನಮ್ಮ ಅಂಗಳಕ್ಕ ಬಂದು ಬೋರಲ ಬೀಳ್ತಾರ. ಇದು ಬಿಡು ಅಂತಿಯಲ್ಲ, ಹ್ಯಾಂಗ ಬಿಡ್ಲಿ?"

 

ಮೇಲಿನ ಓಣಿಯ ಬಾಗಿಲು ಮೊದಲು ತೆರೆದವರು ಗುರುಲಿಂಗಪ್ಪ ಸಾವಕಾರರು. ತೊಗರಿಯ ವ್ಯಾಪಾರಿ. ಹಣೆಗೆ ಬಿಳಿ ವಿಭೂತಿ, ಮೈಮೇಲೆ ಬಿಳಿ ಅಂಗಿ, ಮಾತು ಮಾತ್ರ ಕರಿಕಲ್ಲು. ವರ್ಷಗಳ ಹಿಂದೆ ಟೊಂಕ ಹಿಡಿದು, ಬಗ್ಗಿದ ಮನುಷ್ಯ ಏಳಲಾರದೆ ಒದ್ದಾಡಿ, ಕೊನೆಗೆ ನಸುಕಿನಲ್ಲಿ ಸಂದಿಯಿಂದ ಬಂದು ಸುಂದರಮ್ಮನ ಕಾಲು ಇಡಿಸಿಕೊಂಡಿದ್ದರು. ನಾಲ್ಕು ದಿನ ಬಿಟ್ಟು ಸಂತೆಯಲ್ಲಿ ನಿಂತು ಜೋರಾಗಿ ಹೇಳಿದರು:

"ಸುಂದರವ್ವನ ಕಾಲಂದ್ರ ಕಾಲ. ನನ್ನ ಟೊಂಕ ಹೂವಾಗ್ಯಾದ, ಹೂವು!"

ಸಾವಕಾರರೇ ಹೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಅಂದಿನಿಂದ ಭಾನುವಾರದ ಜಾತ್ರೆ.

ಆದರೆ ಈ ಹೆಂಗಸಿನ ಬೆನ್ನಿನ ಕಥೆ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಫರ್ಸಿ ಗಣಿಯಲ್ಲಿ ದುಡಿದವಳು ಅವಳು. ಗಂಡ ಭೀಮಶ್ಯಾ ಉಳಿ ಹೊಡೆದು ಕಲ್ಲಿನ ಪದರು ಎಬ್ಬಿಸಿದರೆ, ಆ ಹಾಸುಗಲ್ಲನ್ನು ತಲೆಯ ಮೇಲೆ ಹೊತ್ತು ಲಾರಿಯ ತನಕ ಒಯ್ಯುವುದು ಇವಳ ಕೆಲಸ. ನೀವು ನಿಮ್ಮ ಮನೆಯಲ್ಲಿ ತಂಪಾಗಿ ಕಾಲಿಟ್ಟು ನಡೆಯುತ್ತೀರಲ್ಲ, ಅಂಥ ಕಲ್ಲು. ಹೊತ್ತು ನೋಡಿ, ಗೊತ್ತಾಗುತ್ತದೆ. ಟೊಂಕದ ಎರಡೂ ಮಗ್ಗುಲಲ್ಲಿ ಒಂದು ನೋವು ಬಂದು ಕೂತಿತ್ತು. ಮೊದಮೊದಲು ಬಂದು ಹೋಗುವ ನೆಂಟನಂತಿತ್ತು, ಆಮೇಲೆ ಮನೆಯವನೇ ಆಯಿತು. ಕೂತರೆ ಏಳಲಾಗದು, ನಿಂತರೆ ಹಿಂದಕ್ಕೆ ವಾಲಲಾಗದು. ಮುಲಾಮು ಹಚ್ಚಿದಳು, ಇಟ್ಟಂಗಿ ಕಾಸಿ ಶಾಖ ಕೊಟ್ಟುಕೊಂಡಳು. ಹೊರಗೆ ಮಾತ್ರ ಉಸಿರು ಬಿಡಲಿಲ್ಲ. ಊರವರ ಟೊಂಕ ಬಿಡಿಸುವವಳ ಟೊಂಕವೇ ಹಿಡಿದಿದೆ ಎಂದು ತಿಳಿದರೆ ಭಾನುವಾರ ಯಾರು ಬಂದಾರು?

ಒಂದು ಭಾನುವಾರ ಆಗಬೇಕಾದ್ದು ಆಯಿತು. ಟಂಟಂ ಆಟೊ ಹೊಡೆಯುವ ಭಾಗಣ್ಣ ಬೋರಲು ಮಲಗಿದ್ದ. ದುಂಡಗಿನ ಆಳು, ಮಾತಿನ ಮಲ್ಲ. ಸುಂದರಮ್ಮ ಕಾಲು ಎತ್ತಿದಳು. ಎತ್ತಿದ ಕಾಲು ಮೇಲೇ ನಿಂತಿತು. ಬೆನ್ನಿನಲ್ಲಿ ಚಳಕ್ ಎಂದದ್ದೇ ತಡ, ಇಡೀ ಸುಂದರಮ್ಮ ಭಾಗಣ್ಣನ ಮೇಲೆ ಧಡ್ ಎಂದು ಬಿದ್ದಳು.

ಭಾಗಣ್ಣ "ಎವ್ವಾ, ಸತ್ತೆ" ಎಂದು ಒದರಿ, ಕೆಳಗಿನಿಂದ ಹೇಗೋ ಜಾರಿ ಹೊರಬಂದು ಎದ್ದು ನಿಂತ. ಟೊಂಕ ತಿರುವಿ ನೋಡಿಕೊಂಡ. ಕಣ್ಣು ಅಗಲವಾದವು.

"ಏ, ಹೋಯ್ತಲೇ! ನೋವ್ ಪೂರಾ ಹೋಯ್ತು! ಬರೇ ಕಾಲ ಇಟ್ಟಾಗ ಇಷ್ಟ್ ಜಲ್ದಿ ಹೋಗ್ತಿದ್ದಿಲ್ಲ. ಯಕ್ಕಾ, ಇದು ಹೊಸಾ ಇಲಾಜೇನು?"

ಮಂದಿ ಹೋ ಎಂದು ನಕ್ಕರು. ಮುಂದಿನವನು ತನಗೂ ಹಾಗೇ ಬೀಳಬೇಕೆಂದು ಹಟ ಹಿಡಿದ. ಸುಂದರಮ್ಮ ನೆಲಕ್ಕೆ ಅಂಟಿಕೊಂಡೇ ಹಲ್ಲು ಕಚ್ಚಿ, "ಇವತ್ತ್ ಇಷ್ಟೇ, ಎಲ್ಲಾರೂ ನಡೀರಿ" ಎಂದಳು. ಅವರು ಹೋದ ಮೇಲೆ ಭೀಮಶ್ಯಾ ಬಂದು ಎತ್ತಲು ನೋಡಿದ.

"ಸುಂದ್ರಿ, ನಾ ಒಂದ್ ಕಾಲ ಇಡ್ಲೇನು?"

"ನೀ ತಲಿ ಮುಂದಾಗಿ ಹುಟ್ಟಿದಾಂವ. ಆ ತಲೀನೇ ಕೆಲಸಕ್ಕ ಬರ್ಲಿಲ್ಲ, ಇನ್ನ ಕಾಲ ಏನ್ ಬಂದೀತು? ಸರಕೋ ಆ ಕಡಿ!"

ಅವತ್ತು ಲುಂಬಿನಿ ಬಿಡಲಿಲ್ಲ. ಕಲಬುರಗಿಯಲ್ಲಿ ಭುವನೇಶ್ವರಿ ಎಂಬ ಡಾಕ್ಟರ್ ಇದ್ದಾರೆ, ಸೇಡಂ ಕಡೆಯವರು, ನೋವಿಗಾಗಿಯೇ ಓದಿದವರು ಎಂದಳು.

"ಕೊಯ್ತಾರೇನು?"

"ಕೊಯ್ಯಂಗಿಲ್ಲ ಅತ್ತಿ. ಆಪರೇಷನ್ ಅಲ್ಲೇ ಅಲ್ಲ. ಸೂಜಿ ಹಾಕಿ ನರಕ್ಕ ಇಲಾಜು ಮಾಡ್ತಾರ, ಸಂಜೀಕಿ ಮನಿ."

"ನೀ ನರ್ಸು ಅಂತ ಬಾಯಿ ತೆರೆದ್ರ ನರಾನೇ ನೋಡು. ಆಯ್ತು, ಬರ್ತೀನಿ. ಊರಾಗ ಮಾತ್ರ ತೆಂಗಳಿಗಿ ತವರಮನಿಗಿ ಹೋಗ್ಯಾಳ ಅಂತ ಹೇಳ್ಬೇಕು."

ಮುಖದ ತುಂಬ ಸೆರಗು ಹೊದ್ದು ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿದಳು. ಡಾಕ್ಟರ್ ಭುವನೇಶ್ವರಿ ಬೆನ್ನು ಒತ್ತಿ, ಬಗ್ಗಿಸಿ, ಹಿಂದಕ್ಕೆ ವಾಲಿಸಿ, ಎಕ್ಸ್‌ರೇ ಫೋಟೊಗಳನ್ನೆಲ್ಲ ನೋಡಿ ಹೇಳಿದರು:

"ನೋಡ್ರಿ ಅವ್ವಾ, ಬೆನ್ನೆಲುಬಿನ ಮಣಿಗೋಳ ನಡುವ ಸಣ್ಣ ಸಣ್ಣ ಕೀಲ ಇರ್ತಾವ. ಭಾರ ಹೊತ್ತು ಹೊತ್ತು ಅವು ಸವದಾವ. ಆ ಕೀಲಿನ ನೋವು ಮಿದುಳಿಗಿ ಒಯ್ಯೋ ಸಣ್ಣ ನರಗೋಳು ಅದಾವ, ದಿನಾ ಬಾಗಿಲ ಬಡದು ಚಾಡಿ ಹೇಳೋರ್‍ಹಂಗ. ಆ ನರಗೋಳು ನಾವು ಸೂಜಿ ತುದೀಲೆ ಬಿಸಿ ಮಾಡಿ ಸುಡ್ತೀವಿ. ಚಾಡಿ ಬಂದ್ ಆಗ್ತದ."

'ಸುಡ್ತೀವಿ' ಎಂಬ ಮಾತು ಬಿದ್ದದ್ದೇ ಸುಂದರಮ್ಮ ಮಂಚದಿಂದ ಇಳಿದೇಬಿಟ್ಟಳು.

"ಬರಿ ಹಾಕ್ತೀರಿ ಅನ್ರಿ! ಲುಂಬಿನಿ, ಇದಕ್ಕ ಕರಕೊಂಡ್ ಬಂದಿ ಏನು? ಕಬ್ಬಿಣ ಕಾಸಿ ಬರಿ ಹಾಕೋರು ನಮ್ಮ ಊರಾಗ ಇದ್ದಿಲ್ಲೇನು? ನಮ್ಮಪ್ಪಗ ಹಾಕಿದ್ರು. ನೋವೂ ಉಳೀತು, ಕಲೀನೂ ಉಳೀತು!"

"ಬರಿ ಅಲ್ರಿ. ಹೊರಗ ಚರ್ಮಕ್ಕ ಏನೂ ಆಗಂಗಿಲ್ಲ."

"ನರಾನೇ ಸುಟ್ರ ಕಾಲ ಎತ್ತೋದು ಹ್ಯಾಂಗ? ಡಾಕ್ಟರ್ ಬಾಯಿ, ನಿಮಗ ಗೊತ್ತಿಲ್ಲ. ನನ್ನ ಹತ್ರ ಇರೋದು ಇದೊಂದೇ ಕಾಲ!"

ಡಾಕ್ಟರು ಅವಳ ಎರಡೂ ಕಾಲು ನೋಡಿದರು, ಲುಂಬಿನಿಯ ಮುಖ ನೋಡಿದರು. ಲುಂಬಿನಿ ನಾಚಿಕೆ ಬಿಟ್ಟು ಎಲ್ಲ ಹೇಳಿದಳು. ಭುವನೇಶ್ವರಿ ನಗಲಿಲ್ಲ. ಸೇಡಂ ಕಡೆಯ ಹೆಣ್ಣುಮಗಳು, ಅವರಿಗೂ ಇಂಥ ಕಾಲು ಗೊತ್ತಿತ್ತು. ಕಾಲು ಆಡಿಸುವ ನರ ಬೇರೆ, ಇದು ಬೇರೆ, ಸುಡುವ ಮೊದಲು ಕಾಲು ಅಲುಗುತ್ತದೋ ಇಲ್ಲವೋ ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇವೆ ಎಂದು ಬಿಡಿಸಿ ಹೇಳಿದರು. ಅದಕ್ಕೂ ಮೊದಲು ಇವತ್ತು ಮರಗಟ್ಟಿಸುವ ಔಷಧಿಯನ್ನಷ್ಟೇ ಹಾಕಿ ನೋಡೋಣ, ನೋವು ತಗ್ಗಿದರೆ ಅದೇ ನರ ಎಂದು ತಿಳಿಯುತ್ತದೆ ಎಂದರು. ಸುಂದರಮ್ಮನ ಕಿವಿಗೆ ಹೋದದ್ದು ಔಷಧಿ ಎಂಬ ಮಾತೊಂದೇ. ಪರೀಕ್ಷೆ ಎಂಬ ಮಾತು ಗಾಳಿಗೆ ಹೋಯಿತು.

ಪರದೆಯ ಮೇಲೆ ಬೆನ್ನೆಲುಬು ನೋಡುತ್ತಾ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಸುಂದರಮ್ಮ ಎದ್ದು ನಿಂತಳು. ಹಿಂದಕ್ಕೆ ವಾಲಿದಳು. ಮತ್ತೆ ವಾಲಿದಳು. "ಎಲ್ಲಿ ಹೋಯ್ತದು?" ಎಂದು ಕಳೆದುಹೋದ ವಸ್ತು ಹುಡುಕುವವಳಂತೆ ಟೊಂಕ ಮುಟ್ಟಿಮುಟ್ಟಿ ನೋಡಿಕೊಂಡಳು. ರೈಲಿನಲ್ಲಿ ಸೀಟು ಇದ್ದರೂ ಕೂರಲಿಲ್ಲ, ನಿಂತೇ ಬಂದಳು. ಮನೆಗೆ ಬಂದವಳು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ಬುಟ್ಟಿ ತುಂಬಿತು, ನಿಲ್ಲಿಸಲಿಲ್ಲ.

"ಊರಿಗೆಲ್ಲಾ ಊಟ ಹೇಳಿಯೇನು?" ಎಂದ ಭೀಮಶ್ಯಾ.

"ತಿನ್ನು ಸುಮ್ನ. ಹೊಸಾ ಹೇಣ್ತಿ ಬಂದಾಳ ಅಂತ ತಿಳ್ಕೊ."

ಹೊತ್ತು ಮುಳುಗುವುದರೊಳಗೆ ಹೊಸ ಹೆಂಡತಿ ಹೋಗಿ ಹಳೆಯವಳೇ ವಾಪಸ್ಸು ಬಂದಳು. ನೋವು ಇದ್ದಲ್ಲೇ ಬಂದು ಕೂತಿತು. ಸುಂದರಮ್ಮ ಲುಂಬಿನಿಯ ಫೋನು ಕಸಿದುಕೊಂಡು ಡಾಕ್ಟರಿಗೇ ಹಚ್ಚಿದಳು.

"ಡಾಕ್ಟರ್ ಬಾಯಿ, ಮೋಸ ಆಯ್ತು! ನೋವ್ ತಿರುಗಿ ಬಂದಾದ!"

"ನಡುವ ಪೂರಾ ಹೋಗಿತ್ತೇನ್ರಿ?"

"ಹೋಗಿತ್ತು!"

"ಭಾಳ ಚಲೋ ಆಯ್ತು ನೋಡ್ರಿ!"

ಸುಂದರಮ್ಮ ಫೋನು ಕಿವಿಯಿಂದ ತೆಗೆದು ದಿಟ್ಟಿಸಿದಳು. "ನೋವ್ ಬಂದಾದ ಅಂದ್ರ ಚಲೋ ಆಯ್ತು ಅಂತಾಳಲ್ಲೋ ಈಕಿ!" ನರ ಸಿಕ್ಕಿತು, ಇನ್ನು ಪಕ್ಕಾ ಇಲಾಜು ಮಾಡಬಹುದು ಎಂದು ಲುಂಬಿನಿ ತಿಳಿಸಿ ಹೇಳುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು.

ಎರಡನೆಯ ಸಲ ಹೋದಾಗ ಮತ್ತೆ ಅದೇ ಮಂಚ, ಅದೇ ಪರದೆ. ಸೂಜಿ ನರದ ಹತ್ತಿರ ಹೋದಾಗ ಡಾಕ್ಟರು ಕೇಳಿದರು: "ಟೊಂಕದಾಗ ಜುಂ ಅಂತದೇನ್ರಿ? ಕಾಲ ಅಳ್ಳಾಡ್ತದೇನು?"

"ಟೊಂಕದಾಗ ಜುಂ ಅಂತದ. ಕಾಲ ಗಪ್ ಅದ. ನೀವೂ ನೆಟ್ಟಗ ನೋಡ್ರಿ ಮತ್ತ!"

ನೋಡಿದರು, ಸುಟ್ಟರು. ಒಂದಿಷ್ಟು ಬಿಸಿ, ಒಂದಿಷ್ಟು ಚುರುಕು, ಮುಗಿಯಿತು. ಪಕ್ಕದ ಕೋಣೆಯಲ್ಲಿ ಮಲಗಿಸಿದರು. ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಯಾರೋ ಗಂಟಲು ಕೆರೆದು, "ಈ ದಿಂಬು ಏನ್ ದಿಂಬೋ, ತೊಗರಿ ಚೀಲಾನೇ ಇದಕ್ಕಿಂತ ಮೆತ್ತಗ ಇರ್ತದ" ಎಂದು ಗೊಣಗಿದರು.

ಆ ದನಿ ಸಂತೆಯಲ್ಲಿ ಕೇಳಿದ ದನಿ. ಸುಂದರಮ್ಮ ಕೈ ಚಾಚಿ ಪರದೆ ಸರಿಸಿದಳು. ವಿಭೂತಿ ಅಳಿಸಿಹೋದ ಹಣೆ, ಹಸಿರು ಗೌನು, ಕೆಳಗೆ ಬತ್ತಲೆ ಕಾಲು. ಗುರುಲಿಂಗಪ್ಪ ಸಾವಕಾರರು.

"ಸಾವಕಾರ್ರ!"

"ಸುಂದರವ್ವಾ!" ಎಂದವರೇ ಹೊದಿಕೆ ಗದ್ದದ ತನಕ ಎಳೆದುಕೊಂಡರು. "ನೀ ಇಲ್ಲಿ ಯಾಕ ಬಂದಿ?"

"ನೀವ್ ಯಾಕ ಬಂದೀರಿ ಅದು ಹೇಳ್ರಿ ಮೊದಲ."

"ಸುಮ್ನ... ಹಿಂಗ... ವರ್ಷಾ ಬಿಟ್ಟು ವರ್ಷಾ ಬರ್ತೀನಿ."

ಸುಂದರಮ್ಮ ಲೆಕ್ಕ ಹಾಕದಿದ್ದರೂ ಅರ್ಥ ಆಯಿತು. ಅವಳ ಮುಖ ಕೆಂಪಾಯಿತು.

"ಹಂಗಾರ ನನ್ನ ಕಾಲಿಂದ ನಿಮ್ಮ ಟೊಂಕ ಹೂವಾಗಿದ್ದಿಲ್ಲ! ಊರ ತುಂಬ ಯಾಕ ಸುಳ್ಳು ಸಾರಿದ್ರಿ?"

ಸಾವಕಾರರು ಬಾಗಿಲ ಕಡೆ ನೋಡಿದರು, ಮೇಲೆ ಚಾವಣಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಏನ್ ಮಾಡ್ಲಿ ಮತ್ತ? ನಸುಕಿನಾಗ ನಿನ್ನ ಅಂಗಳದಾಗ ಬೋರಲ ಬಿದ್ದದ್ದು ಯಾರೋ ನೋಡಿಬಿಟ್ಟಿದ್ರು. ಅಷ್ಟಾದ ಮ್ಯಾಲ ಗುಣ ಆಗ್ಲಿಲ್ಲ ಅಂದಿದ್ರ ನನ್ನ ಮರ್ಯಾದಿ ಏನ್ ಉಳೀತಿತ್ತು? ಹೋದದ್ದೂ ಹೋದ, ದಂಡಕ್ಕ ಹೋದ ಅಂತಿದ್ರು. ಅದಕ್ಕ ಗುಣ ಆಯ್ತು ಅಂದೆ."

ಸುಂದರಮ್ಮನ ಬಾಯಿಗೆ ಬೈಗುಳ ಬಂದಿತ್ತು, ಒಳ್ಳೆಯ ದೊಡ್ಡ ಬೈಗುಳವೇ. ಆದರೆ ಆ ಗೌನಿನಲ್ಲಿ ಗದ್ದ ಮುಚ್ಚಿಕೊಂಡ ಸಾವಕಾರರನ್ನು ನೋಡಿದಳು, ತಾನು ತೆಂಗಳಿಯ ಸುಳ್ಳು ಹೇಳಿ ಬಂದದ್ದು ನೆನಪಾಯಿತು, ನಗು ಒತ್ತರಿಸಿಕೊಂಡು ಬಂತು. ನಕ್ಕಳು ನೋಡಿ! ಮಂಚ ಅಲುಗಾಡುವಂತೆ ನಕ್ಕಳು. ಸಾವಕಾರರು ಮೊದಲು ಸಿಟ್ಟಾದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಇಬ್ಬರೂ ಟೊಂಕ ಹಿಡಿದುಕೊಂಡು ನಗುವಾಗ ಡಾಕ್ಟರು ಬಂದು ಗದರಿಸಿದರು.

ಮನೆಗೆ ಬಂದ ಮೇಲೆ ನಗು ನಿಂತಿತು. ಸೂಜಿಯ ಜಾಗ ಕೆಲ ದಿನ ನೊಂದು, ಆಮೇಲೆ ಬೆನ್ನು ಹಗುರಾಯಿತು. ಇಷ್ಟು ವರ್ಷ ಮನೆಯವನಂತೆ ಕೂತ ನೋವು ಎದ್ದು ಹೋಗಿತ್ತು. ನರ ಮತ್ತೆ ಬೆಳೆದರೆ ನೋವು ತಿರುಗಿ ಬರಬಹುದು, ಆಗ ಮತ್ತೆ ನೋಡೋಣ, ಅಲ್ಲಿಯ ತನಕ ದಿನಾ ವ್ಯಾಯಾಮ ಮಾಡಿರಿ, ಭಾರ ಎತ್ತಬೇಡಿರಿ ಎಂದು ಡಾಕ್ಟರು ಹೇಳಿದ್ದರು. ಆದರೆ ಸುಂದರಮ್ಮನಿಗೆ ಊಟ ರುಚಿಸಲಿಲ್ಲ. ಸಾವಕಾರರ ಮಾತು ಮುಳ್ಳಿನಂತೆ ನಟ್ಟಿತ್ತು. ಕಾಲಿನ ಹೆಸರೇ ಸುಳ್ಳಾದರೆ, ಈ ಅಂಗಳಕ್ಕೆ ಮೇಲಿನ ಓಣಿ ಬರುವುದೂ ಸುಳ್ಳೇ. ನಿಜ ಹೇಳಿದರೆ ಅಂಗಳ ಖಾಲಿ. ಹೇಳದಿದ್ದರೆ? ಸವೆದ ಕೀಲಿನವನು ಯಾರೋ ದವಾಖಾನೆ ಬಿಟ್ಟು ತನ್ನ ಕಾಲು ನಂಬಿ ನರಳುತ್ತ ಬಿದ್ದಿರುತ್ತಾನೆ. ತಾನು ನರಳಿದ ಹಾಗೇ.

"ಏನ್ ಮಾಡ್ಲೇ ಲುಂಬಿನಿ?"

"ನಂಗ್ಯಾಕ ಕೇಳ್ತೀರಿ ಅತ್ತಿ? ನೀವು ಯಾರ ಮಾತು ಕೇಳಿದೋರು?"

ಭಾನುವಾರ ಬಂತು. ಅಂಗಳ ತುಂಬಿತು. ಭಾಗಣ್ಣ ಮುಂದೆಯೇ ನಿಂತಿದ್ದ. ಮೇಲಿನ ಓಣಿಯ ಶಿವಕಾಂತಮ್ಮ, ಗುರುಲಿಂಗಪ್ಪನವರ ಅಕ್ಕ, ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದಳು. ಸಾವಕಾರರೂ ಬಂದು ಒಂದು ಮೂಲೆಯಲ್ಲಿ ನಿಂತರು. ಯಾಕೆ ಬಂದರೋ, ಬಾಯಿ ಮುಚ್ಚಿಸಲು ಬಂದರೋ, ದೇವರೇ ಬಲ್ಲ.

ಸುಂದರಮ್ಮ ಸೆರಗು ಸಿಕ್ಕಿಸಿದಳು. ಕಾಲು ಎತ್ತಲಿಲ್ಲ.

"ಕೇಳ್ರಿ ಎಲ್ಲಾರೂ. ನನ್ನ ಟೊಂಕಾನೇ ಹೋಗಿತ್ತು. ತೆಂಗಳಿಗಿ ಹೋಗಿದ್ದಿಲ್ಲ, ಕಲಬುರಗಿಗಿ ಹೋಗಿ ಸೂಜಿ ಹಾಕಿಸ್ಕೊಂಡು ಬಂದೀನಿ. ಈಗ ಆರಾಮ್ ಅದೀನಿ. ಈ ಕಾಲಿಂದ ಯಾರಿಗಿ ಗುಣ ಆಗ್ಯಾದೋ ಇಲ್ಲೋ ನಂಗ ಗೊತ್ತಿಲ್ಲ. ಬೈಯೋರು ಬೈರಿ, ಹೋಗೋರು ಹೋಗ್ರಿ."

ಸುಂದರಮ್ಮ ಸಾವಕಾರರ ಕಡೆ ನೋಡಲೂ ಇಲ್ಲ. ಅವರ ಗುಟ್ಟು ಅವಳ ಬಾಯಿಂದ ಬರುವುದಲ್ಲ. ಆಗ ಗುರುಲಿಂಗಪ್ಪ ಸಾವಕಾರರು ಗಂಟಲು ಕೆರೆದರು.

"ನಂದೂ ಗುಣ ಆಗಿದ್ದಿಲ್ಲ" ಎಂದರು. "ನಾನೂ ಸೂಜೀನೇ ಹಾಕಿಸ್ಕೊಂತೀನಿ."

ಶಿವಕಾಂತಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ ಗುಣ ಆಯ್ತು ಅಂದಿದ್ದಿಯಲ್ಲೋ! ನಿಂಗ ಗುಣ ಆಗಿ ನಂಗ್ಯಾಕ ಆಗವಲ್ದು, ನಂದೇ ಏನೋ ಪಾಪ ಅದ ಅಂತ ನಾ ಸುಮ್ನ ಕುಂತೀನಿ!"

"ನಂಗೂ ಆಗಿಲ್ಲ" ಎಂದ ಚಿತ್ತಾಪುರದವನೊಬ್ಬ. "ಎಲ್ಲಾರಿಗಿ ಆಗ್ಯಾದ ಅಂತ ನಾ ಬಾಯಿ ಬಿಟ್ಟಿಲ್ಲ."

"ನಂದೂ ಹಂಗೇ."

"ನಂದ ಅರ್ಧಾ ಹೋಗ್ಯಾದ, ಅರ್ಧಾ ಅದ."

"ಏ, ನಂದು ಖರೇನೇ ಹೋಗ್ಯಾದಪ!" ಎಂದು ಭಾಗಣ್ಣ ಕೂಗಿದ. ಅವನ ಮಾತು ಯಾರೂ ಕೇಳಲಿಲ್ಲ, ಅಷ್ಟು ನಗು.

ಸುಂದರಮ್ಮನ ಸಿಟ್ಟು ನೆತ್ತಿಗೇರಿತು. "ಹಂಗಾರ ವಾರಾ ವಾರಾ ಯಾಕ ಬಂದು ಬೀಳ್ತೀರಿ ಇಲ್ಲಿ? ನಾ ಬರಿಗಾಲೀಲೆ ನಿಮ್ಮ ಟೊಂಕ ತುಳದು ತುಳದು ನನ್ನ ಟೊಂಕ ಹಾಳ ಮಾಡ್ಕೊಂಡೆನಲ್ಲ!"

"ಹಂಗ ಯಾಕ ಒದರ್ತೀಯವ್ವ" ಎಂದಳು ಶಿವಕಾಂತಮ್ಮ. "ಮನ್ಯಾಗ ನೋವು ಅಂದ್ರ ಸೊಸೆಂದ್ರು ಮಾರಿ ತಿರಗಸ್ತಾರ. ಇಲ್ಲಿ ಬಂದ್ರ ನೀ 'ಎಲ್ಲಿ ನೋಯ್ತದ' ಅಂತ ಕೇಳ್ತಿ. ಬೈತಿ, ನಗಸ್ತಿ. ಅದಕ್ಕ ಬರ್ತೀನಿ. ನೀ ಕಾಲ ಇಡು, ಬಿಡು. ಮೊದಲ ಒಂದ್ ಕಪ್ ಚಾ ಕೊಡು, ಮುಂಜಾನಿಂದ ಬರಿಹೊಟ್ಟಿ ಇದ್ದೀನಿ."

ಸುಂದರಮ್ಮ ಬೆಪ್ಪಾಗಿ ನಿಂತಳು. ಮೇಲಿನ ಓಣಿಯವರು ಈ ಅಂಗಳದಲ್ಲಿ ಬೋರಲು ಬಿದ್ದದ್ದುಂಟು, ಬಾಯಿಗೆ ಒಂದು ಗುಟುಕು ನೀರು ಹಾಕಿದ್ದಿಲ್ಲ. ಬರಿಹೊಟ್ಟೆಯ ನಿಯಮ ಇತ್ತಲ್ಲ, ಅದರ ಮರೆಯಲ್ಲಿ ಆ ಮಡಿಯೂ ನಡೆದುಹೋಗಿತ್ತು. ಲುಂಬಿನಿ ಒಳಗೆ ಓಡಿದಳು. ಭೀಮಶ್ಯಾ ಇದ್ದಬದ್ದ ಕಪ್ಪು ತೊಳೆಯಲು ಕೂತ. ಸಾವಕಾರರು ಬಿಸಿ ಚಹಾ ಸಾಸರಿಗೆ ಸುರುವಿ ಸುರ್ ಎಂದು ಕುಡಿದು, "ಸಕ್ರಿ ಕಮ್ಮಿ ಆಗ್ಯಾದ" ಎಂದು ಆಕ್ಷೇಪಣೆಯನ್ನೂ ಎತ್ತಿದರು.

"ಸೂಜಿ ಹಾಕೋವಾಗ ಡಾಕ್ಟರ್ ಬಾಯಿ ಮುಂದ ಹಿಂಗ ಒದರ್ರಿ ನೋಡೋಣ" ಎಂದಳು ಸುಂದರಮ್ಮ.

ಚಹಾ ಮುಗಿಯುವಷ್ಟರಲ್ಲಿ ಯಾರು ಯಾರು ಕಲಬುರಗಿಗೆ ಹೋಗಬೇಕು ಎಂಬುದು ನಿಕ್ಕಿಯಾಗಿತ್ತು. ಎಲ್ಲರಿಗೂ ಸೂಜಿಯೇ ಬೇಕಾಗುವುದಿಲ್ಲ, ಕೆಲವರಿಗೆ ವ್ಯಾಯಾಮವೇ ಸಾಕು, ಕೆಲವರಿಗೆ ಬೇರೆಯದೇ ರೋಗ ಇದ್ದೀತು, ಡಾಕ್ಟರು ನೋಡಿ ಹೇಳುತ್ತಾರೆ ಎಂದು ಲುಂಬಿನಿ ಕೂಗಿ ಕೂಗಿ ಹೇಳಿದಳು. ಕೇಳಿದವರು ಕೇಳಿದರು.

ಆ ವಾರ ವಾಡಿ ಜಂಕ್ಷನ್‌ನಿಂದ ಒಂದು ದಂಡೇ ರೈಲು ಹತ್ತಿತು. ಯಾರೂ ಮುಖಕ್ಕೆ ಸೆರಗು ಹೊದ್ದಿರಲಿಲ್ಲ, ಯಾರೂ ತೆಂಗಳಿ ಎಂದು ಸುಳ್ಳು ಹೇಳಿರಲಿಲ್ಲ. ದಾರಿಯುದ್ದಕ್ಕೂ ಟೊಂಕದ ಮಾತೇ ಮಾತು. ಸುಂದರಮ್ಮ ಕಿಟಕಿಯ ಹತ್ತಿರ ನಿಂತು ಎಲ್ಲರನ್ನೂ ಬೈಯುತ್ತಲೇ ಹೋದಳು. ಪಕ್ಕದ ಸೀಟಿನಲ್ಲಿ ಕೂತ ಶಿವಕಾಂತಮ್ಮ ನಿಂತವಳ ತೊಡೆಗೆ ಒರಗಿ ಒಂದು ನಿದ್ದೆಯನ್ನೂ ತೆಗೆದಳು.

ದವಾಖಾನೆಯ ಬೆಂಚುಗಳು ಸಾಲಲಿಲ್ಲ. ಡಾಕ್ಟರ್ ಭುವನೇಶ್ವರಿ ಹೊರಗೆ ಬಂದು ಈ ಗದ್ದಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಇಷ್ಟ್ ಮಂದಿ! ನೀವೆಲ್ಲಾ ಯಾರ ಕಡೇವ್ರು?"

ವಿಭೂತಿ ಹಚ್ಚಿದ ಗುರುಲಿಂಗಪ್ಪ ಸಾವಕಾರರು ಬೆಂಚಿನಿಂದ ಎದ್ದರು. ದವಾಖಾನೆಯ ಆ ತುದಿಯ ತನಕ ಕೇಳುವಂತೆ ಹೇಳಿದರು:

"ಸುಂದರವ್ವನ ಕಡೇವ್ರು."